‘ಜಾನ್’ ಎಂಬ ನಿಲ್ದಾಣ

ಚೀನೀ ಭಾಷೆ ಕಲಿಯಲು ಕುಳಿತವರಿಗೆ ಮೊದಲ ಕೆಲವು ಪಾಠಗಳಲ್ಲೇ ರೈಲು ನಿಲ್ದಾಣ ಎದುರಾಗುತ್ತದೆ. ಕ್ಷೇಮ ಸಮಾಚಾರ, ಹೆಸರು, ಊರು, ಒಂದರಿಂದ ಹತ್ತರವರೆಗಿನ ಎಣಿಕೆ ಮುಗಿಯುತ್ತಲೇ ಪುಸ್ತಕದ ಪ್ರಯಾಣಿಕ ಟಿಕೆಟ್ ಕಿಟಕಿಯ ಮುಂದೆ ನಿಂತಿರುತ್ತಾನೆ. ರೈಲಿಗೆ ‘ಹುವೊಛ’, ಬಸ್ಸಿಗೆ ‘ಗೊಂಗ್‌ಗೊಂಗ್ ಛಿಛ’, ಟಿಕೆಟಿಗೆ ‘ಪಿಯಾವ್’, ನಿಲ್ದಾಣಕ್ಕೆ ‘ಜಾನ್’. ‘ಛ’ ಎಂದರೆ ಗಾಡಿ. ‘ಶಾಂಗ್’ ಎಂದರೆ ಮೇಲೆ, ‘ಶ್ಯಾ’ ಎಂದರೆ ಕೆಳಗೆ. ಆದ್ದರಿಂದ ಗಾಡಿ ಹತ್ತುವುದು ‘ಶಾಂಗ್‌ಛ’, ಇಳಿಯುವುದು ‘ಶ್ಯಾಛ’. ವೈದ್ಯಕೀಯ ಓದಲು ಚೀನಾಕ್ಕೆ ಹೋದ ನಮ್ಮ ಹುಡುಗರೂ, ಗುವಾಂಗ್‌ಜೌ ಮತ್ತು ಈವೂ ಮಾರುಕಟ್ಟೆಗಳಿಂದ ಸರಕು ತರಲು ಹೋಗಿಬಂದ ವ್ಯಾಪಾರಿಗಳೂ ಮೊದಲು ಬಾಯಿಪಾಠ ಮಾಡಿದ್ದು ಇಂಥ ಹತ್ತಿಪ್ಪತ್ತು ಪದಗಳನ್ನೇ.

ಬಾಯಿಪಾಠ ಮಾಡಿದವರಿಗೆ ಅವು ಬರೀ ಉಪಯೋಗದ ಮಾತುಗಳು. ಆದರೆ ಒಂದೊಂದನ್ನೂ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಏಳುನೂರು ವರ್ಷಗಳ ಚರಿತ್ರೆ ಕಾಣುತ್ತದೆ. ಯಾರ ಕುದುರೆ, ಯಾರ ಹಣ, ಯಾರ ಹುಕುಂ, ಯಾರ ಬೆವರು ಎಂಬುದೆಲ್ಲ ಅದರಲ್ಲಿದೆ. ಇದನ್ನು ನಾವು ಇಲ್ಲಿ ಬರೆಯಲು ಕಾರಣವೂ ಇದೆ. ಯಾವ ಪದ ನಮ್ಮದು, ಯಾವುದು ಹೊರಗಿನದು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಗಡೀಪಾರು ಮಾಡಬೇಕು ಎಂಬ ಚರ್ಚೆ ನಮ್ಮ ನಾಡಿನಲ್ಲೂ ಆಗಾಗ ಏಳುತ್ತದೆ. ಆ ಚರ್ಚೆಗೆ ಚೀನಾದ ರೈಲು ನಿಲ್ದಾಣ ಒಂದು ಒಳ್ಳೆಯ ಸಾಕ್ಷಿ.

‘ಜಾನ್’ ಪದವನ್ನೇ ನೋಡೋಣ. ಇದು ಚೀನೀಯರ ಪದವಲ್ಲ, ಅವರನ್ನು ಗೆದ್ದ ಮಂಗೋಲರದು. ಮಂಗೋಲ್ ಭಾಷೆಯಲ್ಲಿ ‘ಜಾಮ್’ ಎಂದರೆ ದಾರಿ. ಚೆಂಗಿಸ್ ಖಾನನ ಮಗ ಒಗೆದೈ ಖಾನ್ 13ನೇ ಶತಮಾನದಲ್ಲಿ ತನ್ನ ಸಾಮ್ರಾಜ್ಯದ ಉದ್ದಕ್ಕೂ ಕುದುರೆ ಬದಲಿಸುವ ತಂಗುದಾಣಗಳ ಸಾಲನ್ನು ವ್ಯವಸ್ಥೆಗೊಳಿಸಿದ. ತಾನು ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಅವನು ಇದನ್ನೂ ಹೇಳಿಕೊಂಡದ್ದು ‘ಮಂಗೋಲರ ರಹಸ್ಯ ಚರಿತ್ರೆ’ ಎಂಬ ಗ್ರಂಥದಲ್ಲಿ ದಾಖಲಾಗಿದೆ. ಕುಬ್ಲಾಯ್ ಖಾನ್ ಚೀನಾದ ಸಿಂಹಾಸನ ಏರಿದ ಮೇಲೆ ಅಲ್ಲಿ ಇಂಥ ಸುಮಾರು 1,400 ತಾಣಗಳಿದ್ದವು. ಚೀನೀ ಲಿಪಿಕಾರರಿಗೆ ‘ಜಾಮ್’ ಬರೆಯಲು ಒಂದು ಅಕ್ಷರ ಬೇಕಿತ್ತು. ಹತ್ತಿರದ ಉಚ್ಚಾರದ, ‘ನಿಲ್ಲು’ ಎಂಬ ಅರ್ಥದ ಅಕ್ಷರವೊಂದು ಅವರಲ್ಲಿ ಮೊದಲೇ ಇತ್ತು. ಅದನ್ನೇ ಬಳಸಿದರು. ದಾರಿ ಎಂಬ ಪದ ಹೀಗೆ ನಿಲ್ಲುವ ಜಾಗವಾಯಿತು. ಕನ್ನಡದ ‘ನಿಲ್ದಾಣ’ವೂ ನಿಲ್ಲುವುದರಿಂದಲೇ ಹುಟ್ಟಿದ್ದು ಎಂಬುದು ಇಲ್ಲಿ ನೆನಪಾಗುತ್ತದೆ.

ಇದೇ ‘ಜಾಮ್’ ಪಶ್ಚಿಮಕ್ಕೂ ಸಾಗಿತು. ಪಾರ್ಸಿಯಲ್ಲಿ ಅದು ‘ಯಾಮ್’ ಆಯಿತು. ರಷ್ಯನ್ನರಲ್ಲೂ ‘ಯಾಮ್’ ಆಗಿ, ಗಾಡಿ ಹೊಡೆಯುವವನು ‘ಯಾಮ್‌ಶ್ಚಿಕ್’ ಎನಿಸಿಕೊಂಡ. ನಮ್ಮ ದೇಶದ ಕುದುರೆ ಅಂಚೆಗೆ ‘ಉಲಾಕ್’ ಎಂಬ ತುರ್ಕಿ ಹೆಸರಿತ್ತೆಂದು ಇಬ್ನ್ ಬತೂತ ಬರೆದಿದ್ದಾನೆ. 1333ರಲ್ಲಿ ಸಿಂಧ್ ತಲುಪಿದ ಆ ಮೊರೊಕ್ಕೋದ ಮುಸಾಫಿರ, ನಾಲ್ಕು ಮೈಲಿಗೊಂದರಂತೆ ಸುಲ್ತಾನನ ಕುದುರೆಗಳು ನಿಂತಿರುತ್ತಿದ್ದವೆಂದೂ, ಕಾಲ್ನಡಿಗೆಯ ಅಂಚೆ ಅದಕ್ಕಿಂತ ಚುರುಕಾಗಿತ್ತೆಂದೂ ವಿವರಿಸುತ್ತಾನೆ. ಮುಂದೆ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ನಮ್ಮ ಹೊನ್ನಾವರ, ಮಂಗಳೂರುಗಳ ಕರಾವಳಿಯನ್ನು ಹಾದು, ಕಲ್ಲಿಕೋಟೆಯಲ್ಲಿ ಹಡಗು ಕಳೆದುಕೊಂಡು, 1340ರ ದಶಕದಲ್ಲಿ ಅವನು ಚೀನಾ ಸೇರಿದ.

ಚೀನಾದ ತಂಗುದಾಣಗಳ ಬಗ್ಗೆ ಅವನು ಬರೆದದ್ದು ಓದತಕ್ಕದ್ದು. ಪ್ರತಿ ಅಂಚೆ ತಾಣದಲ್ಲಿ ಒಂದು ಸರಾಯಿ, ಅದಕ್ಕೊಬ್ಬ ಅಧಿಕಾರಿ. ಮುಸ್ಸಂಜೆಯ ಹೊತ್ತಿಗೆ ಅವನು ಗುಮಾಸ್ತನೊಂದಿಗೆ ಬಂದು ತಂಗಿದವರೆಲ್ಲರ ಹೆಸರು ಬರೆದುಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದ. ಬೆಳಿಗ್ಗೆ ಮತ್ತೆ ಬಂದು ಹೆಸರು ಕೂಗಿ ಎಣಿಸುತ್ತಿದ್ದ. ಆಮೇಲೆ ಜೊತೆಗೊಬ್ಬ ಆಳನ್ನು ಕೊಟ್ಟು ಮುಂದಿನ ತಾಣಕ್ಕೆ ಕಳಿಸಿ, ಎಲ್ಲರೂ ತಲುಪಿದರೆಂಬ ಪತ್ರ ತರಿಸಿಕೊಳ್ಳುತ್ತಿದ್ದ. ಕೈಯಲ್ಲಿ ಹಣವಿದ್ದೂ ಒಂಟಿಯಾಗಿ ತಿಂಗಳುಗಟ್ಟಲೆ ನಿರ್ಭಯವಾಗಿ ತಿರುಗಬಹುದಾದ ದೇಶ ಅದೆಂದು ಇಬ್ನ್ ಬತೂತ ಮೆಚ್ಚಿಕೊಂಡ. ಕಾಪಾಡುವುದೂ ಕಾವಲಿಡುವುದೂ ಒಂದೇ ದಫ್ತರದಲ್ಲಿ ನಡೆಯುತ್ತಿತ್ತು ಎಂಬುದನ್ನು ನಾವು ಅದರ ಜೊತೆಗೇ ಗಮನಿಸಬೇಕು.

ಆ ಸುರಕ್ಷತೆಯ ಬೆಲೆ ತೆತ್ತವರು ಬೇರೆಯೇ ಇದ್ದರು. ‘ಜಾನ್‌ಹೂ’ ಎಂದರೆ ಜಾನ್‌ನ ಕುಟುಂಬ. ಕುದುರೆ ಸಾಕುವುದು, ಹುಲ್ಲು ಒದಗಿಸುವುದು, ದಾರಿಹೋಕ ಅಧಿಕಾರಿಗಳ ಊಟ ನೋಡಿಕೊಳ್ಳುವುದು ಇವರ ವಂಶಪಾರಂಪರ್ಯದ ಕಟ್ಟುಪಾಡು. ಬಂದುಹೋಗುವ ದೊಡ್ಡವರ ಸಂಖ್ಯೆ ಹೆಚ್ಚಿದಂತೆ ಈ ಮನೆಗಳು ದಿವಾಳಿಯಾದವು. ಅನೇಕರು ಊರು ಬಿಟ್ಟು ಓಡಿಹೋದರು.

1368ರಲ್ಲಿ ಮಂಗೋಲರನ್ನು ಓಡಿಸಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಪಟ್ಟಕ್ಕೆ ಬಂದ. ಪರಕೀಯರ ಗುರುತುಗಳನ್ನು ಅಳಿಸುವುದು ಅವನ ಮೊದಲ ಕೆಲಸಗಳಲ್ಲೊಂದು. ಅದೇ ವರ್ಷ ‘ಜಾನ್’ ಎಂಬ ಹೆಸರು ತೆಗೆದು ಹಳೆಯ ಚೀನೀ ಪದ ‘ಈ’ಯನ್ನೇ ಬಳಸಬೇಕೆಂದು ಹುಕುಂ ಹೊರಟಿತು. ಸರಕಾರಿ ಕಡತಗಳು ಬದಲಾದವು, ಜನರ ನಾಲಿಗೆ ಬದಲಾಗಲಿಲ್ಲ. ಆ ‘ಈ’ಗಳ ಕೊನೆಯ ಕಥೆಯೂ ಸ್ವಾರಸ್ಯಕರ. 1629ರ ಸುಮಾರಿಗೆ ಖರ್ಚು ಉಳಿಸಲೆಂದು ಮಿಂಗ್ ದರಬಾರು ಅಂಚೆ ತಾಣಗಳನ್ನು ಕಡಿತಗೊಳಿಸಿತು. ಕೆಲಸ ಕಳೆದುಕೊಂಡವರಲ್ಲಿ ಲಿ ಝಿಚೆಂಗ್ ಎಂಬ ತಾಣದ ಆಳೂ ಒಬ್ಬ. ಹಸಿದ ರೈತರ ದಂಗೆಗೆ ನಾಯಕನಾದ ಅವನು 1644ರಲ್ಲಿ ಬೀಜಿಂಗ್‌ಗೆ ನುಗ್ಗಿದ. ಮಿಂಗ್ ವಂಶದ ಕೊನೆಯ ಚಕ್ರವರ್ತಿ ನೇಣು ಹಾಕಿಕೊಂಡ.

ಇನ್ನು ‘ಹುವೊಛ’. ಇದರ ಅರ್ಥ ಬೆಂಕಿಗಾಡಿ. ಹಳೆಯ ಚೀನೀ ಗ್ರಂಥಗಳಲ್ಲಿ ಶತ್ರುವಿನ ಮೇಲೆ ಬೆಂಕಿ ಹಾಯಿಸುವ ಯುದ್ಧದ ಗಾಡಿಗೆ ಈ ಹೆಸರಿತ್ತು. 1840ರ ದಶಕದಲ್ಲಿ, ಅಫೀಮು ಯುದ್ಧದಲ್ಲಿ ಬ್ರಿಟಿಷರ ಕೈಯಲ್ಲಿ ಸೋತ ಮೇಲೆ, ವೈ ಯುವಾನ್ ಎಂಬ ವಿದ್ವಾಂಸ ಸಾಗರದಾಚೆಯ ದೇಶಗಳ ಕುರಿತು ದೊಡ್ಡ ಗ್ರಂಥ ರಚಿಸಿದ. ರೈಲನ್ನು ಕಣ್ಣಿನಿಂದ ಕಂಡಿರದ ಚೀನೀ ಓದುಗರಿಗೆ ಅದು ‘ಬೆಂಕಿಚಕ್ರದ ಗಾಡಿ’ ಎಂದು ಪರಿಚಯವಾಯಿತು. ಚಕ್ರ ಬಿದ್ದುಹೋಗಿ ಬೆಂಕಿಗಾಡಿ ಉಳಿಯಿತು. ಅದೇ ಅಕ್ಷರಗಳನ್ನು ಬಳಸುವ ಜಪಾನೀಯರು ಈ ಹೆಸರನ್ನು ಒಪ್ಪಲಿಲ್ಲ. ಅವರಲ್ಲಿ ಬೆಂಕಿಗಾಡಿ ಎಂದರೆ ಶವ ಕದಿಯುವ ಒಂದು ಪಿಶಾಚಿ! ಅವರು ರೈಲನ್ನು ‘ಉಗಿಗಾಡಿ’ ಎಂದರು. ಅದೇ ‘ಉಗಿಗಾಡಿ’ಯ ಎರಡು ಅಕ್ಷರಗಳು ಚೀನಾದಲ್ಲಿ ‘ಛಿಛ’ ಆಗಿ, ಪೆಟ್ರೋಲಿನ ಮೋಟಾರಿನ ಹೆಸರಾಗಿ ನಿಂತವು. 1864ರಲ್ಲಿ ರೈಲು ಬೆಂಗಳೂರಿಗೆ ಬಂದ ಮೇಲೆ ನಮ್ಮವರೂ ಹೊಗೆಬಂಡಿ, ಉಗಿಬಂಡಿ ಎಂದರು. ಆದರೆ ಗೆದ್ದದ್ದು ‘ರೈಲು’. ಚೀನಾದ ಮುಖ್ಯ ಮಾರ್ಗಗಳಲ್ಲಿ ಉಳಿದಿದ್ದ ಕೊನೆಯ ಉಗಿ ಎಂಜಿನುಗಳು 2005ರ ಡಿಸೆಂಬರಿನಲ್ಲಿ ನಿಂತವು. ಬೆಂಕಿ ಆರಿತು, ಬೆಂಕಿಗಾಡಿ ಎಂಬ ಮಾತು ಮಾತ್ರ ಉಳಿದಿದೆ.

ಚೀನಾದ ಮೊದಲ ರೈಲು ಹಳಿಗೆ ಬಂದದ್ದೇ ಒಂದು ಪದದ ಮೋಸದಿಂದ. ಶಾಂಘೈಯಿಂದ ವೂಸೊಂಗ್‌ವರೆಗೆ ರೈಲು ಹಾಕಲು ಚೀನಾ ಸರಕಾರ ಪರವಾನಗಿ ಕೊಟ್ಟಿರಲಿಲ್ಲ. ಬ್ರಿಟಿಷ್ ವ್ಯಾಪಾರಿಗಳು ಕುದುರೆ ಗಾಡಿಯ ರಸ್ತೆಗೆಂದು ಹೇಳಿ ಜಮೀನು ಕೊಂಡರು. ಅಂಥ ರಸ್ತೆಗೆ ಚೀನೀಯಲ್ಲಿ ‘ಮಾಲೂ’, ಅಂದರೆ ಕುದುರೆದಾರಿ ಎಂಬ ಹೆಸರು. ರಸ್ತೆಯ ಹೆಸರಲ್ಲಿ ಕೊಂಡ ನೆಲದಲ್ಲಿ ಕಬ್ಬಿಣದ ಹಳಿ ಬಿತ್ತು. 1876ರ ಜುಲೈನಲ್ಲಿ ರೈಲು ಓಡಿತು. ಆಗಸ್ಟ್‌ನಲ್ಲಿ ಒಬ್ಬ ಚೀನೀಯ ಅದರಡಿ ಸಿಕ್ಕಿ ಸತ್ತ, ಜನ ಕೆರಳಿದರು. ಸರಕಾರ 2,85,000 ತಾಯೆಲ್ ಬೆಳ್ಳಿ ಕೊಟ್ಟು ಆ ರೈಲನ್ನು ಕೊಂಡಿತು. 1877ರ ಅಕ್ಟೋಬರಿನಲ್ಲಿ ಕೊನೆಯ ಕಂತು ತೀರಿದ ಮೇಲೆ ಹಳಿಗಳನ್ನು ಕಿತ್ತುಹಾಕಿತು. ಇದನ್ನು ಮೂಢತನವೆಂದು ನಕ್ಕವರೇ ಹೆಚ್ಚು. ಆದರೆ ತಮ್ಮ ನೆಲದಲ್ಲಿ ತಮಗೆ ಸುಳ್ಳು ಹೇಳಿ ಹಾಕಿದ ಹಳಿ ಅದು ಎಂಬುದನ್ನು ನಕ್ಕವರು ಮರೆತರು. ‘ಮಾಲೂ’ ಈಗಲೂ ಚೀನಾದಲ್ಲಿ ಬೀದಿಗೆ ಹೇಳುವ ಸಾಮಾನ್ಯ ಮಾತು.

1881ರಲ್ಲಿ ಥಾಂಗ್‌ಶಾನ್ ಕಲ್ಲಿದ್ದಲು ಗಣಿಯಿಂದ ಸುಮಾರು ಹತ್ತು ಕಿಲೋಮೀಟರಿನ ಇನ್ನೊಂದು ಮಾರ್ಗ ಆಯಿತು. ಎಂಜಿನಿಗೆ ವಿರೋಧವಿದ್ದುದರಿಂದ ಮೊದಮೊದಲು ಹೇಸರಗತ್ತೆಗಳು ಡಬ್ಬಿಗಳನ್ನು ಎಳೆದವು. ಅದೇ ವರ್ಷ ಅಮೆರಿಕದ ಯೇಲ್‌ನಲ್ಲಿ ಓದಿ ಜಾನ್ ಥ್ಯೆನ್‌ಯೊ ಎಂಬ ತರುಣ ಎಂಜಿನಿಯರ್ ಊರಿಗೆ ಮರಳಿದ. ಅವನ ಮನೆತನದ ‘ಜಾನ್’ ಬೇರೆ ಅಕ್ಷರ, ನಿಲ್ದಾಣದ ‘ಜಾನ್’ ಅಲ್ಲ. 1905ರಿಂದ 1909ರವರೆಗೆ ಅವನು ಬೀಜಿಂಗ್‌ನಿಂದ ಜಾಂಗ್‌ಜ್ಯಾಕೌ ಊರಿಗೆ ಸುಮಾರು 200 ಕಿಲೋಮೀಟರ್ ರೈಲುದಾರಿ ಕಟ್ಟಿಸಿದ. ಮಹಾಗೋಡೆಯ ಹತ್ತಿರ ಬೆಟ್ಟ ಕಡಿದಾದಲ್ಲಿ ಹಳಿಯನ್ನು ‘ಮನುಷ್ಯ’ ಎಂಬ ಚೀನೀ ಅಕ್ಷರದ ಆಕಾರದಲ್ಲಿ, ಎರಡು ಕಾಲು ಅಗಲಿಸಿ ನಿಂತಂತೆ ಹಾಯಿಸಿದ. ಗಾಡಿ ಒಂದು ಕಾಲಿನ ಗುಂಟ ಏರಿ, ತುದಿಯಲ್ಲಿ ನಿಂತು, ಹಿಂದುಮುಂದಾಗಿ ಇನ್ನೊಂದು ಕಾಲಿಗೆ ತಿರುಗುತ್ತಿತ್ತು. ಇಷ್ಟು ಮಾಡಿದವನು ಪದಗಳನ್ನೂ ಮರೆಯಲಿಲ್ಲ. 1915ರಲ್ಲಿ ಅವನು ಸಂಪಾದಿಸಿದ ಎಂಜಿನಿಯರಿಂಗ್ ಪದಕೋಶ ಹೊರಬಂತು. ಪರದೇಶಿಯರ ಹಳಿಗೆ ಸ್ವದೇಶಿ ಎಂಜಿನಿಯರ್ ಬೇಕಾದಂತೆಯೇ ಸ್ವದೇಶಿ ಮಾತೂ ಬೇಕೆಂದು ಅವನಿಗೆ ಗೊತ್ತಿತ್ತು.

ರೈಲಿಗೆ ‘ತ್ಯೆಲೂ’, ಅಂದರೆ ಕಬ್ಬಿಣದ ದಾರಿ, ಎಂದೂ ಹೇಳುತ್ತಾರೆ. 1911ರಲ್ಲಿ ಆ ‘ಲೂ’, ಅಂದರೆ ದಾರಿ, ಒಂದು ಸಾಮ್ರಾಜ್ಯವನ್ನೇ ಉರುಳಿಸಲು ಕಾರಣವಾಯಿತು. ಸಿಚುವಾನ್ ಪ್ರಾಂತದ ಜನ ತಮ್ಮ ಹಣ ಹಾಕಿದ್ದ ರೈಲು ಯೋಜನೆಯನ್ನು ಸರಕಾರ ಕಿತ್ತುಕೊಂಡು ವಿದೇಶೀ ಸಾಲಕ್ಕೆ ಒತ್ತೆಯಿಟ್ಟಾಗ ‘ದಾರಿ ಉಳಿಸಿ’ ಚಳವಳಿ ಎದ್ದಿತು. ಅದನ್ನು ಅಡಗಿಸಲು ಸೈನ್ಯ ಆ ಕಡೆ ಹೊರಟ ಹೊತ್ತಿನಲ್ಲೇ ವೂಚಾಂಗ್‌ನಲ್ಲಿ ದಂಗೆಯಾಗಿ ಚಕ್ರಾಧಿಪತ್ಯ ಮುಗಿಯಿತು.

‘ಜಾನ್’ ಮೇಲೆ ಇನ್ನೊಂದು ಸಲ ದಾಳಿಯಾದದ್ದು ಜಪಾನೀಯರಿಂದ. ಮಿಂಗ್ ಚಕ್ರವರ್ತಿ ತಂದ ಅದೇ ‘ಈ’ ಅಕ್ಷರವನ್ನು ಜಪಾನೀಯರು ‘ಎಕಿ’ ಎಂದು ಓದಿ ರೈಲು ನಿಲ್ದಾಣಕ್ಕೆ ಬಳಸುತ್ತಿದ್ದರು. ಅವರು ಆಳಿದ ತೈವಾನ್‌ನಲ್ಲೂ, 1932ರಲ್ಲಿ ಮಂಚೂರಿಯಾದಲ್ಲಿ ಕಟ್ಟಿದ ಬೊಂಬೆ ರಾಜ್ಯದಲ್ಲೂ ನಿಲ್ದಾಣದ ಫಲಕಗಳ ಮೇಲೆ ಆ ಅಕ್ಷರವೇ ಇತ್ತು. 1945ರಲ್ಲಿ ಜಪಾನ್ ಸೋತಿತು. ‘ಎಕಿ’ ಹೋಗಿ ‘ಜಾನ್’ ಮರಳಿತು. ಇಲ್ಲೊಂದು ತಮಾಷೆ ನೋಡಿ. ಹೊರಗಿನ ದೊರೆ ಹೇರಿದ್ದು ಹಳೆಯ ಶುದ್ಧ ಚೀನೀ ಪದ, ಚೀನೀಯರು ‘ನಮ್ಮದು’ ಎಂದು ಮರಳಿ ತಂದದ್ದು ಮಂಗೋಲರ ಪದ. ಪದದ ಹುಟ್ಟೂರನ್ನು ಯಾರೂ ಕೇಳಲಿಲ್ಲ. ಅದನ್ನು ಆಡುವವರು ಯಾರೆಂಬುದೇ ಮುಖ್ಯವಾಯಿತು.

ಬಸ್ಸಿನ ಕಥೆ ಬಂದರಿನ ಕಥೆ. ಶಾಂಘೈಯಲ್ಲಿ 1908ರಲ್ಲಿ ಟ್ರಾಮ್ ಬಂತು, ಅದು ‘ವಿದ್ಯುತ್ ಗಾಡಿ’. 1914ರಲ್ಲಿ ತಂತಿಯಿಂದ ವಿದ್ಯುತ್ ಪಡೆದು ರಸ್ತೆಯ ಮೇಲೆ ಓಡುವ ಗಾಡಿ ಬಂತು, ಅದು ‘ಹಳಿಯಿಲ್ಲದ ವಿದ್ಯುತ್ ಗಾಡಿ’. ಬಸ್ಸು ‘ಗೊಂಗ್‌ಗೊಂಗ್ ಛಿಛ’, ಅಂದರೆ ಸಾರ್ವಜನಿಕ ಮೋಟಾರು. ಹಾಂಗ್‌ಕಾಂಗ್‌ನ ಜನ ಇಷ್ಟೆಲ್ಲ ತಲೆಕೆಡಿಸಿಕೊಳ್ಳದೆ ಇಂಗ್ಲಿಷಿನ ಬಸ್ಸನ್ನು ‘ಬಾಸಿ’ ಎಂದೂ, ಟ್ಯಾಕ್ಸಿಯನ್ನು ‘ದಿಕ್‌ಸಿ’ ಎಂದೂ ಕರೆದರು. 1980ರ ನಂತರ ಹಾಂಗ್‌ಕಾಂಗ್ ಹಣದ ಜೊತೆ ಆ ಪದಗಳೂ ಉತ್ತರಕ್ಕೆ ಹೋದವು. ತೈವಾನ್‌ನಲ್ಲಿ ಬಸ್ಸಿಗೆ ‘ಗೊಂಗ್‌ಛ’ ಎನ್ನುತ್ತಾರೆ. ಅದೇ ಮಾತು ಬೀಜಿಂಗ್‌ನಲ್ಲಿ ಸರಕಾರಿ ಅಧಿಕಾರಿಯ ಕಾರು! ಒಂದೇ ಪದ ಒಂದು ಕಡೆ ಎಲ್ಲರ ಗಾಡಿ, ಇನ್ನೊಂದು ಕಡೆ ಸಾಹೇಬರ ಗಾಡಿ.

ಸಾಹೇಬರ ಮಾತು ಬಂದಾಗ ಸೀಟಿನ ಪದಗಳನ್ನೂ ಹೇಳಬೇಕು. ಹಳೆಯ ಚೀನಾದ ರೈಲುಗಳಲ್ಲಿ ನಮ್ಮಲ್ಲಿದ್ದಂತೆಯೇ ಮೊದಲನೆಯ, ಎರಡನೆಯ, ಮೂರನೆಯ ದರ್ಜೆಗಳಿದ್ದವು. 1949ರ ಕ್ರಾಂತಿಯ ನಂತರ ವರ್ಗಗಳನ್ನೇ ಅಳಿಸಲು ಹೊರಟ ಸರಕಾರಕ್ಕೆ ದರ್ಜೆ ಎಂಬ ಮಾತು ಹಿಡಿಸಲಿಲ್ಲ. ಸೋವಿಯತ್ ರೈಲುಗಳ ಮಾದರಿಯಲ್ಲಿ ‘ಗಟ್ಟಿ’ ಮತ್ತು ‘ಮೆತ್ತನೆ’ ಬಂದವು. ‘ಯಿಂಗ್‌ತ್ಸುವೊ’ ಎಂದರೆ ಗಟ್ಟಿ ಸೀಟು, ‘ರುವಾನ್‌ವೊ’ ಎಂದರೆ ಮೆತ್ತನೆಯ ಮಲಗುವ ಜಾಗ. ಮಾವೋ ಕಾಲದಲ್ಲಿ ಮೆತ್ತನೆಯ ಹಾಸಿಗೆಯ ಟಿಕೆಟ್ ಕೊಳ್ಳಲು ಹಣವೊಂದಿದ್ದರೆ ಸಾಲುತ್ತಿರಲಿಲ್ಲ, ಹುದ್ದೆಯೂ ಬೇಕಿತ್ತು. ದರ್ಜೆ ಎಂಬ ಪದ ಹೋಯಿತು, ದರ್ಜೆ ಹೋಗಲಿಲ್ಲ. 2007ರಲ್ಲಿ ವೇಗದ ರೈಲುಗಳು ಬಂದಾಗ ಮೊದಲ ದರ್ಜೆ, ಎರಡನೇ ದರ್ಜೆ ಎಂಬ ಮಾತುಗಳೂ ನಾಚಿಕೆಯಿಲ್ಲದೆ ಮರಳಿದವು. ಮುಂದೆ ಅವುಗಳ ಮೇಲೆ ‘ವ್ಯಾಪಾರಿ ಸೀಟು’ ಕೂಡ ಸೇರಿತು.

ಟಿಕೆಟಿನ ‘ಪಿಯಾವ್’ಗೆ ಮೂಲದಲ್ಲಿ ಹಾರುವ ಕಿಡಿ ಎಂಬ ಅರ್ಥವಿತ್ತು. ಆಮೇಲೆ ಅದು ಹಾರುವಷ್ಟು ಹಗುರವಾದ ಕಾಗದದ ಚೀಟಿಯಾಯಿತು. ಆದರೆ ಆ ಚೀಟಿಯ ಭಾರ ಬಡವನಿಗೇ ಗೊತ್ತು. 1955ರಿಂದ 1993ರವರೆಗೆ ಚೀನಾದಲ್ಲಿ ‘ಲ್ಯಾಂಗ್‌ಪಿಯಾವ್’, ಅಂದರೆ ಧಾನ್ಯದ ಚೀಟಿ ಇತ್ತು. ನಮ್ಮ ರೇಷನ್ ಕಾರ್ಡಿನಂತೆ ಅಕ್ಕಿ, ಹಿಟ್ಟು ಕೊಳ್ಳಲು ಅದು ಬೇಕು. ಒಂದು ಪ್ರಾಂತದ ಚೀಟಿ ಇನ್ನೊಂದರಲ್ಲಿ ನಡೆಯದು. ದೂರ ಹೋಗುವವರು ಇಡೀ ದೇಶಕ್ಕೆ ಸಲ್ಲುವ ಚೀಟಿಯನ್ನು ಮೊದಲೇ ಪಡೆದಿರಬೇಕು, ಇಲ್ಲದಿದ್ದರೆ ಜೇಬಿನಲ್ಲಿ ಹಣವಿದ್ದರೂ ಹೋಟೆಲಿನಲ್ಲಿ ಅನ್ನ ಸಿಗದು. ರೈಲಿನ ಪಿಯಾವ್ ಜೊತೆಗೆ ಅನ್ನದ ಪಿಯಾವ್ ಕೂಡ! 1971ರಲ್ಲಿ ಬೀಜಿಂಗ್‌ನ ಮೆಟ್ರೋ, ಅಂದರೆ ‘ದೀತ್ಯೆ’, ಜನರಿಗೆ ತೆರೆದಾಗಲೂ ಮೊದಮೊದಲು ಕೆಲಸದ ಕಚೇರಿಯ ಪತ್ರ ತೋರಿಸಿದವರಿಗೆ ಮಾತ್ರ ಟಿಕೆಟ್.

ರೈತರ ಮಕ್ಕಳು ಕರಾವಳಿಯ ಕಾರ್ಖಾನೆಗಳಿಗೆ ದುಡಿಯಲು ಹೊರಟ 1980ರ ದಶಕದಲ್ಲಿ ಇನ್ನೊಂದು ಪದ ಬಳಕೆಗೆ ಬಂತು. ಅದು ‘ಛುನ್‌ಯುನ್’, ಅಂದರೆ ವಸಂತದ ಸಾಗಾಟ. ಚಾಂದ್ರಮಾನ ಹೊಸವರ್ಷದ ಹಿಂದುಮುಂದಿನ 40 ದಿನ ದುಡಿಯುವ ಜನವೆಲ್ಲ ಊರಿಗೆ ಮರಳುವ ಕಾಲ. ನಮ್ಮಲ್ಲಿ ಈದ್‌ಗೋ ಯುಗಾದಿಗೋ ಊರಿಗೆ ಹೊರಟವರ ಬಸ್‌ಸ್ಟ್ಯಾಂಡನ್ನು ಸಾವಿರ ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಿ. ಸೀಟು ಸಿಗದವರಿಗೆ ‘ಜಾನ್‌ಪಿಯಾವ್’ ಎಂಬ ಟಿಕೆಟ್ ಉಂಟು. ಇಲ್ಲಿ ‘ಜಾನ್’ಗೆ ನಿಲ್ದಾಣವೆಂದು ಅರ್ಥವಲ್ಲ, ನಿಲ್ಲುವುದೆಂದು ಅರ್ಥ. ಇಪ್ಪತ್ತು, ಮೂವತ್ತು ಗಂಟೆ ನಿಂತೇ ಹೋಗುವ ಹಕ್ಕು! ಟಿಕೆಟನ್ನು ಮುಚ್ಚಿಟ್ಟು ಹೆಚ್ಚಿನ ಬೆಲೆಗೆ ಮಾರುವವನಿಗೆ ‘ಹುವಾಂಗ್‌ನ್ಯೂ’, ಹಳದಿ ಎತ್ತು, ಎಂಬ ಹೆಸರು. ಅವನನ್ನು ಹಿಡಿಯಲೆಂದು 2012ರ ಆರಂಭದಿಂದ ಎಲ್ಲ ರೈಲುಗಳ ಟಿಕೆಟಿಗೂ ಹೆಸರು, ಗುರುತಿನ ಚೀಟಿ ಕಡ್ಡಾಯವಾಯಿತು. ಇಬ್ನ್ ಬತೂತ ಕಂಡ ಗುಮಾಸ್ತ ಹೆಸರು ಬರೆಯಲು ಮತ್ತೆ ಬಂದು ಕುಳಿತ. ಕಳ್ಳಸಂತೆ ಕಡಿಮೆಯಾಯಿತು, ಯಾರು, ಯಾವಾಗ, ಎಲ್ಲಿಗೆ ಹೋದರೆಂಬ ಲೆಕ್ಕ ಸರಕಾರದ ಕೈಯಲ್ಲಿ ಉಳಿಯಿತು.

ಆ ಲೆಕ್ಕದ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ವಾಯವ್ಯದ ಶಿಂಜ್ಯಾಂಗ್ ಪ್ರಾಂತದ ಉರುಮ್‌ಚಿಗೆ ರೈಲು ಮುಟ್ಟಿದ್ದು 1962ರಲ್ಲಿ. ಅಲ್ಲಿನ ಉಯಿಘರ್ ಮುಸ್ಲಿಮರು ರೈಲಿಗೆ ‘ಪೊಯಿಜ್’ ಎನ್ನುತ್ತಾರೆ, ನಿಲ್ದಾಣಕ್ಕೆ ‘ವೊಗ್ಜಾಲ್’. ಎರಡೂ ಪಶ್ಚಿಮದ ನೆರೆಯ ರಷ್ಯನ್ ಭಾಷೆಯಿಂದ ಬಂದವು. ಅಂದರೆ ಒಂದೇ ದೇಶದ ಒಂದೇ ಹಳಿಯ ಮೇಲೆ ಎರಡು ದಿಕ್ಕಿನಿಂದ ಬಂದ ಪದಗಳು ಓಡುತ್ತಿದ್ದವು. 2017ರ ನಂತರ ಅಲ್ಲಿನ ಶಾಲೆಗಳಲ್ಲಿ ಉಯಿಘರ್ ಭಾಷೆಯ ಜಾಗ ತೀರ ಕುಗ್ಗಿತು. ಮುಸ್ಲಿಮ್ ಪ್ರಯಾಣಿಕರು ಚೀನಾದಲ್ಲಿ ಮೊದಲು ಕಲಿಯುವ ಇನ್ನೊಂದು ಪದ ‘ಛಿಂಗ್‌ಜೆನ್’. ಶುದ್ಧ, ಸತ್ಯ ಎಂಬ ಎರಡು ಅಕ್ಷರಗಳ ಈ ಮಾತು ಹಲಾಲ್ ಊಟದ ಗುರುತು. 2019ರಲ್ಲಿ ಬೀಜಿಂಗ್‌ನ ಹೋಟೆಲುಗಳು ಫಲಕದಲ್ಲಿದ್ದ ಅರಬಿ ಅಕ್ಷರಗಳನ್ನು ಮರೆಮಾಡಬೇಕಾಯಿತೆಂದು ಸುದ್ದಿಸಂಸ್ಥೆಗಳು ವರದಿ ಮಾಡಿದವು. ಹುಕುಂ ಹೊರಡಿಸುವವರು ಬದಲಾಗುತ್ತಾರೆ, ಹುಕುಮಿನ ಧಾಟಿ ಬದಲಾಗುವುದಿಲ್ಲ.

ಈಗ ನಮ್ಮ ಬಸ್ಸನ್ನು ಹತ್ತೋಣ. ‘ಒಳಗೆ ನಡೀರಿ, ಹಿಂದೆ ಜಾಗ ಖಾಲಿ ಇದೆ’ ಎನ್ನುತ್ತಾನೆ ಕಂಡಕ್ಟರ್. ‘ಬಾಕಿ ಇಳಿಯುವಾಗ ಇಸ್ಕೊಳ್ಳಿ’ ಎಂದು ಟಿಕೆಟಿನ ಹಿಂದೆ ಬರೆಯುತ್ತಾನೆ. ಜಾಗ ಪಾರ್ಸಿ, ಖಾಲಿ ಅರಬಿ, ಬಾಕಿಯೂ ಅರಬಿ. ಬಸ್ಸು ಓಡುವ ರಸ್ತೆ ಪಾರ್ಸಿ, ಟಿಕೆಟಿನ ಮೇಲಿನ ತಾರೀಖು ಅರಬಿ, ನಾವು ಮಾಡುವ ಸವಾರಿ ಪಾರ್ಸಿ. ಇವು ಸುಲ್ತಾನರ ಕಚೇರಿಗಳಿಂದ ಬಂದಿರಬಹುದು, ದಂಡಿನ ಜೊತೆಗೆ ಬಂದಿರಬಹುದು, ಸಂತೆಯ ವ್ಯಾಪಾರಿಗಳ ಬಾಯಲ್ಲಿ ಬಂದಿರಬಹುದು. ಆದರೆ ಸೀಟಿಗಾಗಿ ಕಿಟಕಿಯಿಂದ ಟವೆಲ್ ಎಸೆಯುವ ಯಾವ ಊರಿನ ರೈತನೂ ಅವು ಪರಭಾಷೆಯವೆಂದು ತಿಳಿದಿಲ್ಲ. ಇವನ್ನು ಹೆಕ್ಕಿ ತೆಗೆದು ಕನ್ನಡವನ್ನು ‘ಶುದ್ಧ’ ಮಾಡಬೇಕೆನ್ನುವವರಿಗೂ, ಇಂಥ ಪದಗಳನ್ನು ತೋರಿಸಿ ‘ನೋಡಿ, ಇವೆಲ್ಲ ನಾವು ಕೊಟ್ಟದ್ದು’ ಎಂದು ಬೀಗುವ ನಮ್ಮವರಿಗೂ ‘ಜಾನ್’ ಒಂದೇ ಉತ್ತರ ಕೊಡುತ್ತದೆ. ಬಳಸಿದವರದೇ ಪದ. ಅದರ ಹಿಂದೆ ದುಡಿದ ಜಾನ್‌ಹೂಗಳ, ನಿಂತು ಪ್ರಯಾಣಿಸಿದವರ ಋಣವನ್ನು ನೆನೆದರೆ ಸಾಕು, ಒಡೆತನದ ಪತ್ರ ಬೇಕಿಲ್ಲ.

ಬೀಜಿಂಗ್‌ನಿಂದ ಮಂಗೋಲಿಯಾದ ಉಲಾನ್‌ಬಾತರ್‌ಗೆ ಹೋಗುವ ರೈಲುಮಾರ್ಗ 1956ರಲ್ಲಿ ಆರಂಭವಾಯಿತು. ಗಡಿಯಲ್ಲಿ ಹಳಿಯ ಅಳತೆ ಬದಲಾಗುತ್ತದೆ. ಚೀನಾದ ಕಡೆ 1,435 ಮಿಲಿಮೀಟರ್, ಮಂಗೋಲಿಯಾದ ಕಡೆ 1,520. ಅದಕ್ಕಾಗಿ ಡಬ್ಬಿಗಳನ್ನು ಒಂದೊಂದಾಗಿ ಮೇಲೆತ್ತಿ ಚಕ್ರಗಳನ್ನು ಬದಲಿಸಬೇಕು. ಈಚೆಯ ಫಲಕದ ಮೇಲೆ ಊರಿನ ಹೆಸರಿನ ಕೊನೆಗೆ ‘ಜಾನ್’ ಎಂದಿರುತ್ತದೆ. ಆಚೆ ರೈಲಿಗೆ ‘ತೊಮೊರ್ ಜಾಮ್’ ಎನ್ನುತ್ತಾರೆ, ಕಬ್ಬಿಣದ ದಾರಿ ಎಂದರ್ಥ. ಗಾಡಿ ದಾಟಲು ಚಕ್ರ ಬದಲಿಸಬೇಕಾದ ಆ ಗಡಿಯನ್ನು ಪದ ಏಳುನೂರು ವರ್ಷಗಳ ಹಿಂದೆಯೇ ದಾಟಿತ್ತು.